ಅವತ್ತು ನಾನು ಯಾಕೆ ಬರಲಿಲ್ಲ ಅಂದರೆ

ಬೆಳಿಗ್ಗೆ 6 ಗಂಟೆ 12 ನಿಮಿಷಕ್ಕೆ ದೊಡ್ಡಮ್ಮ ನಮ್ಮ ಮನೆ ಗುಂಪಿಗೆ ಒಂದು ಮೆಸೇಜ್ ಹಾಕಿದರು. ಮೇಲೆ ಎರಡು ಬಾಣದ ಗುರುತು, ಅಂದರೆ ಊರೆಲ್ಲ ಸುತ್ತಿ ಬಂದದ್ದು. ಆಮೇಲೆ ಕೆಂಪು ದೀಪಗಳ ಒಂದು ಸಾಲು. ಅದರ ಕೆಳಗೆ ಹೀಗಿತ್ತು:

‘ಹೆಣ್ಣುಮಕ್ಕಳೇ ಎಚ್ಚರ! ಎದೆಯಲ್ಲಿ ಗಂಟು ಕಂಡರೆ ಸೂಜಿ ಚುಚ್ಚಿಸಬೇಡಿ, ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ. ನೋವಿಲ್ಲದ ಗಂಟಿಗೆ ಹೆದರಬೇಕಿಲ್ಲ. ತಂತಿ ಇರುವ ಬ್ರಾ ಇಂದೇ ಎಸೆಯಿರಿ. ದೊಡ್ಡ ಡಾಕ್ಟರ್ ಒಬ್ಬರು ಹೇಳಿದ್ದು. ಹತ್ತು ಜನಕ್ಕೆ ಕಳಿಸಿ.’

ಮೂರು ಮಾತಿಗೆ ಮೂರೂ ತಪ್ಪು. ಅದು ನನಗೆ ಹೇಗೆ ಗೊತ್ತು ಅನ್ನೋದನ್ನ ಆಮೇಲೆ ಹೇಳುತ್ತೇನೆ. ಗುಂಪಿನಲ್ಲೂ ಅದು ತಡವಾಗಿಯೇ ಬಂತು.

ಮೊದಲ ಮೂರು ಉತ್ತರ ಕೈ ಮುಗಿಯುವ ಚಿತ್ರ. ನಮ್ಮಲ್ಲಿ ಓದುವ ಮೊದಲೇ ಕೈ ಮುಗಿಯುವ ಒಂದು ತಂಡ ಇದೆ. ಸಾವಿನ ಸುದ್ದಿಗೂ ಅದೇ, ಪರೀಕ್ಷೆ ಪಾಸಾದರೂ ಅದೇ.

ಆಮೇಲೆ ಭಾವ ಬಂದರು.

‘ಮೂಲ ಎಲ್ಲಿ ದೊಡ್ಡಮ್ಮ?’

‘ವಾಕಿಂಗ್‌ಗೆ ಬರ್ತಾಳಲ್ಲ, ಅವಳು ಕಳಿಸಿದ್ದು. ಅವಳು ಸುಳ್ಳು ಹೇಳೋಳಲ್ಲ.’

‘ಅವರಿಗೆ ಯಾರು ಕಳಿಸಿದ್ದು?’

‘ನೀವು ಪೊಲೀಸರಾ?’

ಅಷ್ಟೊತ್ತಿಗೆ ಚಿಕ್ಕಪ್ಪ ಎದ್ದಿದ್ದರು. ಗುಂಪಿನ ಅಡ್ಮಿನ್ ಅವರೇ. ನಿವೃತ್ತಿ ಆದ ಮೇಲೆ ಅವರ ಕೈಯಲ್ಲಿ ಉಳಿದಿರುವ ಆಫೀಸು ಇದೊಂದೇ. ‘ಅತ್ತಿಗೆ, ತಪ್ಪು ತಿಳಿಯಬೇಡಿ. ಗುಂಪಲ್ಲಿ ಗಂಡಸರು, ಮಕ್ಕಳು ಎಲ್ಲ ಇದ್ದಾರೆ. ಇಂಥದ್ದನ್ನ ಹೆಂಗಸರು ಹೆಂಗಸರೇ ಮಾತಾಡಿಕೊಂಡರೆ ಚೆನ್ನ.’

‘ಮಕ್ಕಳು ಯಾರು ಚಿಕ್ಕಪ್ಪ? ಇಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ 26,’ ಅಂದಳು ಅಕ್ಕ.

ಸುಮ್ನೆ ಇರಬಹುದಿತ್ತು, ಇರಲಿಲ್ಲ. ನಾನು ಬರೆದೆ: ‘ಗಂಡಸರಿಗೂ ಎದೆಯಲ್ಲಿ ಗಂಟು ಆಗುತ್ತೆ ಚಿಕ್ಕಪ್ಪ. ಹಾರ್ಮೋನ್ ಏರುಪೇರಿನಿಂದ, ಕೆಲವು ಮಾತ್ರೆಗಳಿಂದ ಮೊಲೆತೊಟ್ಟಿನ ಹಿಂದೆ ಊದಿಕೊಳ್ಳೋದು ಮಾಮೂಲು. ಅದು ಕ್ಯಾನ್ಸರ್ ಅಲ್ಲ. ಆದ್ರೆ ಸ್ತನ ಕ್ಯಾನ್ಸರ್ ಆಗೋ ನೂರು ಜನರಲ್ಲಿ ಸುಮಾರು ಒಬ್ಬರು ಗಂಡಸರೇ.’

ಚಿಕ್ಕಪ್ಪನ ಹೆಸರಿನ ಕೆಳಗೆ ‘ಟೈಪಿಂಗ್’ ಅಂತ ಬಂತು, ಹೋಯಿತು, ಮತ್ತೆ ಬಂತು. ಐದು ನಿಮಿಷ ಆದ ಮೇಲೆ ಒಂದೇ ಸಾಲು: ‘ಆಯ್ತು. ಭಾಷೆ ಸಭ್ಯವಾಗಿರಲಿ.’

ಭಾವ ಈ ಮಧ್ಯೆ ಹುಡುಕಾಟ ಮುಗಿಸಿದ್ದರು. 2014ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಮುಟ್ಟು ನಿಂತ 1,500ಕ್ಕೂ ಹೆಚ್ಚು ಹೆಂಗಸರನ್ನು ಕೇಳಿದ್ದರಂತೆ. ದಿನಕ್ಕೆ ಎಷ್ಟು ಹೊತ್ತು ಬ್ರಾ ಹಾಕುತ್ತೀರಿ, ತಂತಿ ಇದೆಯಾ, ಯಾವ ವಯಸ್ಸಲ್ಲಿ ಶುರು ಮಾಡಿದಿರಿ. ಕ್ಯಾನ್ಸರ್‌ಗೂ ಅದಕ್ಕೂ ಯಾವ ಸಂಬಂಧವೂ ಸಿಗಲಿಲ್ಲ. ಇಷ್ಟು ಹೇಳಿ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು. ‘ಇನ್ನಾದರೂ ಕಳಿಸೋ ಮೊದಲು ಓದಿ’ ಅಂತ ಒಂದು ಬಾಲ ಸೇರಿಸಿದರು.

ದೊಡ್ಡಮ್ಮ ಬಿಡುತ್ತಾರಾ? ‘ಹೋದ ವರ್ಷ ರಾತ್ರಿ ಹನ್ನೆರಡಕ್ಕೆ ಫೋನ್ ಆಫ್ ಮಾಡಿ, ಆಕಾಶದಿಂದ ಕಿರಣ ಬರುತ್ತೆ ಅಂತ ಹಾಕಿದ್ದು ಯಾರು?’

‘ಅದು ತಮಾಷೆಗೆ.’

‘ನಾವೆಲ್ಲ ಆಫ್ ಮಾಡಿ ಮಲಗಿದ್ವಿ!’

ಇದೇ ಹೊತ್ತಿಗೆ ನಮ್ಮ ಅಣ್ಣ, ಅಂದರೆ ದೊಡ್ಡಮ್ಮನ ಮಗ, ಎದ್ದು ಬಂದ. ಅವನು ಯಾವ ಮಾತನ್ನಾದರೂ ಮೂರನೇ ವಾಕ್ಯಕ್ಕೆ ಅಜ್ಜಿ ಮನೆಗೆ ಒಯ್ಯುತ್ತಾನೆ. ‘ಅಜ್ಜಿಗೂ ಒಂದು ಗಂಟು ಇತ್ತಲ್ವಾ? ನಮ್ಮ ಕೈಗೇ ಸಿಗ್ತಿತ್ತು, ತಬ್ಬಿಕೊಂಡಾಗ. ಯಾವ ಡಾಕ್ಟರಿಗೂ ತೋರಿಸಲಿಲ್ಲ. ತೊಂಬತ್ತು ದಾಟಿದ್ರು.’ ಜೊತೆಗೆ ಒಂದು ಹಳೇ ಫೋಟೋ. ಅಂಚು ಹಳದಿ ಆಗಿದೆ. ಅಜ್ಜಿ ಉಯ್ಯಾಲೆ ಮೇಲೆ, ಸುತ್ತ ನಾವು ಏಳು ಜನ, ಒಬ್ಬರ ತಲೆ ಅರ್ಧ ಕತ್ತರಿಸಿ ಹೋಗಿದೆ.

ಆ ಅರ್ಧ ತಲೆ ಯಾರದು ಅಂತ ಇಪ್ಪತ್ತೆರಡು ಮೆಸೇಜ್. ಉಯ್ಯಾಲೆ ಹಗ್ಗ ಕತ್ತರಿಸಿದ್ದು ಯಾರು ಅಂತ ಇನ್ನೂ ಹದಿನಾಲ್ಕು. ಅಜ್ಜಿಯ ಗಂಟು ಅಲ್ಲೇ ಬಿದ್ದಿತ್ತು.

ಅಜ್ಜಿಯದು ಏನಾಗಿತ್ತೋ ಯಾರಿಗೆ ಗೊತ್ತು. ನೀರು ತುಂಬಿದ ಚೀಲ ಇರಬಹುದು, ಬರೀ ಕೊಬ್ಬಿನ ಉಂಡೆ ಇರಬಹುದು. ಎದೆಯಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ, ಅದು ನಿಜ. ಆದರೆ ಯಾವುದು ಹೆಚ್ಚಿನವುಗಳಲ್ಲಿ ಒಂದು, ಯಾವುದು ಅಲ್ಲ ಅಂತ ಬೆರಳಿಗೆ ಗೊತ್ತಾಗಲ್ಲ. ಅಜ್ಜಿಗೆ ಏನೂ ಆಗಲಿಲ್ಲ ಅನ್ನೋದು ಅಜ್ಜಿಯ ಅದೃಷ್ಟ. ಅದನ್ನ ಮೊಮ್ಮಕ್ಕಳು ರಿಪೋರ್ಟ್ ಥರ ಇಟ್ಟುಕೊಳ್ಳೋಕಾಗುತ್ತಾ?

ಅಕ್ಕ ಒಬ್ಬಳೇ ಕೆಲಸಕ್ಕೆ ಬರುವ ಪ್ರಶ್ನೆ ಕೇಳಿದಳು. ‘ಹಾಗಾದ್ರೆ ಯಾವುದಕ್ಕೆ ಬೇಗ ಹೋಗಬೇಕು?’ ನಾನು ಬರೆದೆ. ಮುಟ್ಟಿಗೆ ಮೊದಲು ಎದೆ ಗಂಟುಗಂಟಾಗಿ ನೋಯೋದು ಸಾಮಾನ್ಯ, ಮುಟ್ಟು ಮುಗಿದ ಮೇಲೂ ಗಂಟು ಉಳಿದರೆ ತೋರಿಸು. ಗಟ್ಟಿಯಾಗಿ ಅಲುಗಾಡದೆ ಕೂತಿದ್ದರೆ, ಚರ್ಮ ಗುಳಿ ಬಿದ್ದಿದ್ದರೆ, ತೊಟ್ಟು ಹೊಸದಾಗಿ ಒಳಗೆ ಎಳೆದುಕೊಂಡಿದ್ದರೆ, ರಕ್ತ ಬಂದರೆ, ಕಂಕುಳಲ್ಲಿ ಗಂಟು ಸಿಕ್ಕರೆ ಕಾಯಬೇಡ. ಮುಟ್ಟು ನಿಂತವರಂತೂ ಹೊಸ ಗಂಟು ಯಾವುದೇ ಇರಲಿ, ಕಾಯಲೇಬಾರದು. ನೋವಿಲ್ಲ ಅಂತ ಬಿಡಬೇಡ, ಕ್ಯಾನ್ಸರ್ ಗಂಟು ಎಷ್ಟೋ ಸಲ ನೋಯೋದೇ ಇಲ್ಲ.

ಇದಕ್ಕೆ ಒಂದು ಹೆಬ್ಬೆಟ್ಟು ಬಂತು. ಅದರ ಕೆಳಗೇ ಅಣ್ಣ: ‘ಹಗ್ಗ ಕತ್ತರಿಸಿದ್ದು ಭಾವ ಅಲ್ಲ, ಆಗ ಅವರು ನಮ್ಮ ಮನೆಗೇ ಬಂದಿರಲಿಲ್ಲ.’

ಭಾವನಿಗೆ ಇನ್ನೊಂದು ಸಿಕ್ಕಿತ್ತು. ‘ಶಾಂಘೈನಲ್ಲಿ 2,66,000 ಹೆಂಗಸರ ಮೇಲೆ ಪ್ರಯೋಗ. ಅರ್ಧ ಜನಕ್ಕೆ ತಾವೇ ಮುಟ್ಟಿ ನೋಡಿಕೊಳ್ಳೋದು ಕಲಿಸಿದ್ರು. 2002ರಲ್ಲಿ ಫಲಿತಾಂಶ ಬಂತು. ಸಾವು ಕಡಿಮೆ ಆಗಲಿಲ್ಲ. ಸುಮ್ನೆ ಬಯಾಪ್ಸಿ, ಅಂದ್ರೆ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡೋದು, ಜಾಸ್ತಿ ಆಯ್ತು. ಸೋ, ಇದೆಲ್ಲ ದಂಡ.’

ಅಂಕಿ ಎಲ್ಲ ಸರಿ. ತೀರ್ಮಾನ ಮಾತ್ರ ಎಲ್ಲೋ ಹೋಗಿದೆ. ಅದು ತಿಂಗಳು ತಿಂಗಳು ಪಾಠದ ಹಾಗೆ ಒತ್ತಿ ನೋಡುವ ಕ್ರಮದ ಬಗ್ಗೆ ನಡೆದ ಪ್ರಯೋಗ. ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿದವಳು ಮನೇಲಿ ಕೂರಲಿ ಅಂತ ಅದು ಹೇಳಿಲ್ಲ. ‘ಹಾಗಲ್ಲ ಭಾವ’ ಅಂತ ಶುರು ಮಾಡಿದೆ. ಅವರು ಹಳೇ ಚಾಳಿಯಂತೆ ಕೇಳಿದರು: ‘ನಿನಗೆ ಹೇಗೆ ಗೊತ್ತು? ಮೂಲ?’

ಸಿಟ್ಟು ಬಂತು. ‘ಮೂಲ ನಾನೇ’ ಅಂತ ಬರೆದೆ.

ಎರಡು ವರ್ಷದ ಹಿಂದೆ, ನನಗೆ 33. ಸ್ನಾನ ಮಾಡುವಾಗ ಎಡಗಡೆ ಗೋಲಿಯಷ್ಟು ಒಂದು ಗಂಟು ಸಿಕ್ಕಿತು. ನುಣುಪು, ಒತ್ತಿದರೆ ಜಾರುತ್ತಿತ್ತು. ನೋವಿರಲಿಲ್ಲ. ಮೂರು ವಾರ ಯಾರಿಗೂ ಹೇಳಲಿಲ್ಲ. ದಿನಕ್ಕೆ ನಲವತ್ತು ಸಲ ಮುಟ್ಟಿ ನೋಡಿ ನೋಡಿ ಕೊನೆಗೆ ನೋವೂ ಬಂತು. ಡಾಕ್ಟರ್ ನಕ್ಕರು, ‘ನೋವು ಗಂಟಿಂದಲ್ಲ, ನಿಮ್ಮ ಬೆರಳಿಂದ’ ಅಂದರು. ವಯಸ್ಸು ಕಡಿಮೆ ಅಂತ ಮೊದಲು ಅಲ್ಟ್ರಾಸೌಂಡ್. ತಣ್ಣನೆ ಜೆಲ್ ಹಚ್ಚಿ, ಪರದೆ ಮೇಲಿನ ಕಪ್ಪು ಮೊಟ್ಟೆಯಂಥ ಆಕಾರದ ಎರಡು ತುದಿಗೆ ಎರಡು ಪ್ಲಸ್ ಗುರುತು ಇಟ್ಟರು. 18 ಮಿಲಿಮೀಟರ್. ರಿಪೋರ್ಟಿನಲ್ಲಿ ‘ಬೈರಾಡ್ಸ್ 3’. ಅಂದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಜಾಸ್ತಿ ಇಲ್ಲ. ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿದರೂ ಸಾಕು ಅಂದರು. ಆ ಎರಡರ ಜೊತೆ ಆರು ತಿಂಗಳು ಮಲಗೋಕೆ ನನ್ನಿಂದ ಆಗಲ್ಲ ಅಂದೆ. ಸೂಜಿ ಹಾಕಿಸಿದೆ.

ಮರಗಟ್ಟೋಕೆ ಒಂದು ಇಂಜೆಕ್ಷನ್. ಆಮೇಲೆ ಸ್ಟೇಪ್ಲರ್ ಒತ್ತಿದ ಹಾಗೆ ‘ಟಕ್’. ನಾಲ್ಕು ಸಲ. ತೆಗೆದ ಚೂರು ಬಾಟಲಿಯ ತಳದಲ್ಲಿ ಬಿಳೀ ದಾರದ ತುಂಡಿನ ಹಾಗೆ ಕೂತಿತ್ತು. ಒಂದು ವಾರ ಆದ ಮೇಲೆ ಫಲಿತಾಂಶ: ಫೈಬ್ರೋಅಡಿನೋಮ, ಅಂದರೆ ಕ್ಯಾನ್ಸರ್ ಅಲ್ಲದ ಒಂದು ಗಂಟು. ಹದಿನೈದರಿಂದ ಮೂವತ್ತೈದರ ವಯಸ್ಸಿನಲ್ಲಿ ತುಂಬ ಸಾಮಾನ್ಯ. ತೆಗೆಸಲೇಬೇಕು ಅಂತಿಲ್ಲ. ಅಲ್ಲೇ ಇದೆ. ಸೂಜಿ ಹಾಕಿದ್ದಕ್ಕೆ ಎಲ್ಲೂ ಹರಡಲಿಲ್ಲ. ಎರಡು ದಿನ ನೀಲಿಗಟ್ಟಿತ್ತು, ಅಷ್ಟೇ.

ಇಷ್ಟನ್ನೂ ಬರೆದು ಕಳಿಸಿದೆ. ಈಗಲಾದರೂ ಸೂಜಿಯ ಮಾತು ಮುಗಿಯುತ್ತೆ ಅಂದುಕೊಂಡೆ. ಮುಗಿಯಿತು. ಬೇರೆ ಶುರುವಾಯಿತು.

‘ನಮಗೆ ಯಾಕೆ ಹೇಳಲಿಲ್ಲ?’ ದೊಡ್ಡಮ್ಮ.

‘ಅಕ್ಕಂಗೆ ಗೊತ್ತಿತ್ತಾ?’ ಅಣ್ಣ.

‘ನನಗೂ ಈಗಲೇ ಗೊತ್ತಾಗ್ತಿರೋದು,’ ಅಕ್ಕ. ಅದರ ಕೊನೆಗೆ ಚುಕ್ಕಿ ಇತ್ತು. ಅಕ್ಕ ಚುಕ್ಕಿ ಹಾಕೋದು ಸಿಟ್ಟು ಬಂದಾಗ ಮಾತ್ರ.

‘ಮನೆಯವರ ಹತ್ತಿರ ಮುಚ್ಚಿಡೋದು ಒಳ್ಳೇ ಸಂಸ್ಕಾರ ಅಲ್ಲ,’ ಚಿಕ್ಕಪ್ಪ. ಬೆಳಿಗ್ಗೆ ಇದೇ ವಿಷಯವನ್ನು ಗುಂಪಿನಿಂದ ಆಚೆ ಹಾಕಿ ಅಂದವರು ಅವರೇ. ನಾನು ತೋರಿಸಲಿಲ್ಲ. ಭಾವ ತೋರಿಸಿದರು, ಸ್ಕ್ರೀನ್‌ಶಾಟ್ ಸಮೇತ.

ಬೆಳಿಗ್ಗೆಯಿಂದ ಒಂದು ಮಾತೂ ಆಡದೆ ಇದ್ದವರು ಚಿಕ್ಕಮ್ಮ. ಈಗ ಬಂದರು.

‘ಸೂಜಿ ಹಾಕಿಸಿದ್ದು ಯಾವತ್ತು?’

ಬೆರಳು ನಿಂತಿತು. ‘ಚಿಕ್ಕಪ್ಪ ನಿವೃತ್ತಿ ಆದ ದಿನ.’

ಅವತ್ತು ಎಲ್ಲರೂ ಸೇರಿದ್ದರು, ನನ್ನ ಬಿಟ್ಟು. ಆಫೀಸಲ್ಲಿ ಕೆಲಸ ಅಂದಿದ್ದೆ. ಆವತ್ತಿಂದ ಚಿಕ್ಕಮ್ಮ ನನ್ನ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ. ನನ್ನ ಹುಟ್ಟುಹಬ್ಬಕ್ಕೆ ಗುಂಪಲ್ಲಿ ಎಲ್ಲರೂ ಹಾರೈಸಿದ ಮೇಲೆ, ಎಲ್ಲರಿಗಿಂತ ಕೊನೆಗೆ, ಬರೀ ಒಂದು ಕೈ ಮುಗಿಯುವ ಚಿತ್ರ ಬರುತ್ತಿತ್ತು.

ಗುಂಪು ಒಂದು ಗಳಿಗೆ ತಣ್ಣಗಾಯಿತು. ಅಣ್ಣ ಕೂಡ ಉಯ್ಯಾಲೆ ಬಿಟ್ಟ.

‘ಹೇಳಿದ್ರೆ ನಾನು ಬರ್ತಿದ್ದೆ,’ ಅಂತ ಬರೆದರು ಚಿಕ್ಕಮ್ಮ.

‘ಅವತ್ತು ನಿಮ್ಮ ಮನೆಯಲ್ಲೇ ಕಾರ್ಯಕ್ರಮ ಇತ್ತಲ್ಲ ಚಿಕ್ಕಮ್ಮ.’

‘ಇದ್ರೇನು? ಅವರು ನಿವೃತ್ತಿ ಆಗ್ತಿದ್ರು, ನಾನಲ್ಲ. ಆಫೀಸ್ ಅಂತ ಸುಳ್ಳು ಹೇಳಿದ್ಯಲ್ಲ, ಅದಕ್ಕೆ ನನಗೆ ಬೇಜಾರು.’

ಹಳೇ ಬೇಜಾರು ಹೋಯಿತು ಅಂದುಕೊಳ್ಳುವಷ್ಟರಲ್ಲಿ ಹೊಸದು. ‘ತಪ್ಪಾಯ್ತು’ ಅಂದೆ. ದೊಡ್ಡಮ್ಮ ಅಷ್ಟೊತ್ತಿಗೆ ಬೆಳಗಿನ ಮೆಸೇಜನ್ನು ಅಳಿಸಿದ್ದರು. ‘ಈ ಮೆಸೇಜ್ ಅಳಿಸಲಾಗಿದೆ’ ಅಂತ ಮಾತ್ರ ಉಳಿದಿತ್ತು, ಅದಕ್ಕೂ ಯಾರೋ ಕೈ ಮುಗಿದಿದ್ದರು.

ರಾತ್ರಿ ಚಿಕ್ಕಮ್ಮನಿಂದ ಬೇರೆಯಾಗಿ ಒಂದು ಮೆಸೇಜ್. ‘ಮತ್ತೆ ನೋಡ್ತಾರಾ ಅದನ್ನ?’

‘ಮುಂದಿನ ತಿಂಗಳು ಇನ್ನೊಂದು ಸ್ಕ್ಯಾನ್ ಇದೆ. ಇಲ್ಲಿತನಕ 18ರಲ್ಲೇ ಇದೆ, ಬೆಳೆದಿಲ್ಲ.’

‘ದಿನಾಂಕ ಹೇಳು. ಅವತ್ತು ನಿನ್ನ ಚಿಕ್ಕಪ್ಪಂಗೆ ಏನೂ ಇಟ್ಕೋಬೇಡಿ ಅಂತೀನಿ.’