ಪಿಆರ್ ಕಾರ್ಡ್ ರಿನ್ಯೂವಲ್‌ಗೆ ಹಾಕಿದ್ದೇನೆ, ಊರಿಗೆ ಹೋಗಿ ಬರಬಹುದಾ?

ಪ್ರಶ್ನೆ, ಮಿಸ್ಸಿಸಾಗಾದಿಂದ: ಮೇಡಂ, ನಮಸ್ಕಾರ. ನಾನು ಕೆನಡಾ ಪಿಆರ್ (ಪರ್ಮನೆಂಟ್ ರೆಸಿಡೆಂಟ್, ಅಂದರೆ ಖಾಯಂ ನಿವಾಸಿ), ಭಾರತದ ಪಾಸ್‌ಪೋರ್ಟ್. ಕಾರ್ಡ್ ಮುಂದಿನ ತಿಂಗಳು ಮುಗಿಯುತ್ತದೆ. ರಿನ್ಯೂವಲ್‌ಗೆ ಆನ್‌ಲೈನ್‌ನಲ್ಲಿ ಹಾಕಿ ಆಯಿತು. ಅರ್ಜಿ ತಲುಪಿದೆ ಅಂತ ಈಮೇಲ್ ಕೂಡ ಬಂದಿದೆ. ಅಷ್ಟರಲ್ಲಿ ಹಾಸನದಲ್ಲಿ ತಂಗಿ ಮದುವೆ ನಿಶ್ಚಯವಾಗಿದೆ. ಹೋಗದೇ ಇರೋಕೆ ಆಗಲ್ಲ. ನ್ಯೂಜೆರ್ಸಿಯಲ್ಲಿರೋ ನಮ್ಮಣ್ಣ "ರಸೀದಿ ತೋರಿಸಿದರೆ ಸಾಕು, ನಾನೂ ಹಾಗೇ ಹೋಗಿ ಬಂದೆ" ಅಂತಾನೆ. ನಿಜಾನಾ?

ಉತ್ತರ: ನಿಮ್ಮಣ್ಣ ಹೇಳಿದ್ದು ಅವರ ದೇಶದ ಮಟ್ಟಿಗೆ ಸರಿ. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ರಿನ್ಯೂವಲ್‌ಗೆ ಐ-90 ಫಾರಂ ಹಾಕಿದರೆ ಬರುವ ರಸೀದಿಯೇ ಹಳೇ ಕಾರ್ಡಿನ ಅವಧಿಯನ್ನು 36 ತಿಂಗಳು ಮುಂದಕ್ಕೆ ಹಾಕುತ್ತದೆ. ಕೆನಡಾದಲ್ಲಿ ಆ ಏರ್ಪಾಡು ಇಲ್ಲ. ನಿಮಗೆ ಬಂದಿರುವ ಈಮೇಲ್ ಏರ್‌ಪೋರ್ಟ್‌ನಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ಅಣ್ಣ ಅಮೆರಿಕದಲ್ಲಿ, ತಂಗಿ ಕೆನಡಾದಲ್ಲಿ ಇರುವ ಮನೆಗಳಲ್ಲಿ ಈ ಗೊಂದಲ ಮಾಮೂಲು.

ಹೊರಡುವಾಗ ನಿಮ್ಮನ್ನು ಯಾರೂ ತಡೆಯುವುದಿಲ್ಲ. ಕಾರ್ಡ್ ಮುಗಿದರೆ ಪಿಆರ್ ಹೋಗಿಬಿಡುತ್ತದೆ ಅನ್ನುವ ಭಯವೂ ಬೇಡ. ಕಾರ್ಡ್ ಬರೀ ಪುರಾವೆ. ತೊಂದರೆ ಬರುವುದು ವಾಪಸ್ ಬರುವಾಗ. ಅದೂ ಕೆನಡಾದಲ್ಲಿ ಅಲ್ಲ, ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿ. ಅಲ್ಲಿನ ಹುಡುಗಿ ಪಾಸ್‌ಪೋರ್ಟ್ ತಗೊಂಡು, "ಕಾರ್ಡ್ ಕೊಡಿ" ಅನ್ನುತ್ತಾಳೆ. ಮುಂದುಗಡೆ ಅಚ್ಚಾಗಿರುವ ತಾರೀಖು ನೋಡುತ್ತಾಳೆ. ನಿಮ್ಮ ವಿವರ ಕೆನಡಾದ ಗಡಿ ಇಲಾಖೆಯ ಸಿಸ್ಟಮ್‌ಗೆ ಹೋಗಿ, ಹತ್ತಿಸಿಕೊಳ್ಳಬಹುದೋ ಬೇಡವೋ ಅಂತ ಅವಳ ಸ್ಕ್ರೀನಿಗೆ ಉತ್ತರ ಬರುತ್ತದೆ. ಬೇಡ ಅಂತ ಬಂದರೆ ನೀವು ಎಷ್ಟು ವಾದ ಮಾಡಿದರೂ ಬೋರ್ಡಿಂಗ್ ಪಾಸ್ ಸಿಗುವುದಿಲ್ಲ. ಸರಿಯಾದ ಕಾಗದ ಇಲ್ಲದವರನ್ನು ಕರೆತಂದರೆ ಏರ್‌ಲೈನ್‌ಗೆ ದಂಡ ಬೀಳುತ್ತದೆ. ಸುಮ್ನೆ ಒಂದು ವಿಸಿಟರ್ ವೀಸಾ ತಗೊಂಡು ಬರೋಣ ಅಂದರೆ, ಪಿಆರ್ ಇರುವವರಿಗೆ ಅದನ್ನು ಕೊಡುವುದಿಲ್ಲ.

ಹಾಗಾಗಿ ನಿಮಗೆ ಬೇಕಾಗುವುದು ಪಿಆರ್‌ಟಿಡಿ, ಅಂದರೆ ಪರ್ಮನೆಂಟ್ ರೆಸಿಡೆಂಟ್ ಟ್ರಾವೆಲ್ ಡಾಕ್ಯುಮೆಂಟ್. ಪಾಸ್‌ಪೋರ್ಟಿಗೆ ಅಂಟಿಸಿ ಕೊಡುತ್ತಾರೆ. ಸಾಮಾನ್ಯವಾಗಿ ಒಂದು ಸಲದ ಪ್ರವೇಶಕ್ಕೆ. ಶುಲ್ಕ 50 ಡಾಲರ್. ಕೆನಡಾದಲ್ಲಿ ಕೂತು ಹಾಕುವ ಹಾಗಿಲ್ಲ, ಊರಿಗೆ ಹೋದಮೇಲೆಯೇ ಹಾಕಬೇಕು. ಇಳಿದ ವಾರದಲ್ಲೇ ಹಾಕಿ. ಆರತಕ್ಷತೆ ಮುಗಿಯಲಿ, ಆಮೇಲೆ ನೋಡೋಣ ಅಂತ ಬಿಡಬೇಡಿ.

ಒಂದು ಕೇಳುತ್ತೇನೆ. ಕಳೆದ 5 ವರ್ಷದಲ್ಲಿ ನೀವು ಕೆನಡಾದಲ್ಲಿ ಎಷ್ಟು ದಿನ ಇದ್ದೀರಿ? ಇದನ್ನು ಹೇಳದೆ ಟಿಕೆಟ್ ತಗೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಅದೇ ಮಿಸ್ಸಿಸಾಗಾದವರು: ಮಗು ಹುಟ್ಟಿದಾಗ ಒಂದು ಸಲ ಊರಿಗೆ ಹೋಗಿದ್ದೆ, ಸ್ವಲ್ಪ ಜಾಸ್ತಿ ದಿನ ಇದ್ದೆ. ಉಳಿದಂತೆ ಇಲ್ಲೇ. ನಾಲ್ಕು ವರ್ಷದ ಮೇಲೇ ಆಗುತ್ತೆ. ಅರ್ಜೆಂಟ್ ಅಂತ ಹಾಕಿದರೆ ಕಾರ್ಡ್ ಬೇಗ ಕೊಡಲ್ವಾ? ಇಲ್ಲಾಂದ್ರೆ ನಾನು ಹೋದಮೇಲೆ ಬಂದರೆ ಯಜಮಾನರು ಕೊರಿಯರ್ ಮಾಡಬಹುದಾ?

ಉತ್ತರ: ನಾಲ್ಕು ವರ್ಷ ಇದ್ದರೆ ನೀವು ನಿಶ್ಚಿಂತೆಯಿಂದ ಹೊರಡಿ. ಪಿಆರ್ ಉಳಿಯಲು ಬೇಕಾಗಿರುವುದು 5 ವರ್ಷದಲ್ಲಿ 730 ದಿನ. ಒಟ್ಟಿಗೇ ಇರಬೇಕು ಅಂತಿಲ್ಲ. ಬಂದಿಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ.

ಅರ್ಜೆಂಟ್ ಕೇಳಬಹುದು. ಆದರೆ ಅದು ಹತ್ತಿರದವರ ಗಂಭೀರ ಕಾಯಿಲೆ, ಸಾವು, ನಿಮ್ಮದೇ ಕಾಯಿಲೆ, ಕೆಲಸದ ಪ್ರಯಾಣ, ಇಂಥ ಕಾರಣಗಳಿಗೆ. ಟಿಕೆಟ್ಟಿನ ಪ್ರತಿ, ದುಡ್ಡು ಕಟ್ಟಿದ ಪುರಾವೆ, ಕಾರಣ ಬರೆದ ಪತ್ರ, ಅದಕ್ಕೆ ದಾಖಲೆ, ಇಷ್ಟೂ ಕೇಳುತ್ತಾರೆ. ಲಗ್ನಪತ್ರಿಕೆ ಇಟ್ಟು ಹಾಕಿದರೆ ನಡೆಯುತ್ತದೆ ಅಂತ ನಾನು ನಂಬಿಸುವುದಿಲ್ಲ.

ಕಾರ್ಡನ್ನು ಇಲಾಖೆಯವರು ಕೆನಡಾದ ವಿಳಾಸಕ್ಕೆ ಮಾತ್ರ ಕಳಿಸುತ್ತಾರೆ. ಅಲ್ಲಿಂದ ಮನೆಯವರು ಕೊರಿಯರ್ ಮಾಡುವುದು ಬಹಳ ಜನ ಮಾಡುವ ಕೆಲಸ. ದಾರಿಯಲ್ಲಿ ಕಳೆದರೆ ಮಾತ್ರ ಕಷ್ಟ. ಊರಿಗೆ ಬರುವ ನಂಬಿಕಸ್ಥರ ಕೈಯಲ್ಲಿ ಕಳಿಸಿದರೆ ಇನ್ನೂ ವಾಸಿ. ಆದರೂ ಇದನ್ನೇ ನೆಚ್ಚಿಕೊಂಡು ಕೂರಬೇಡಿ. ಕೆಲವರಿಗೆ ಕಾರ್ಡ್ ಅಂಚೆಯಲ್ಲಿ ಬರುವುದಿಲ್ಲ, ಕಚೇರಿಗೆ ಖುದ್ದಾಗಿ ಬನ್ನಿ ಅಂತ ಕರೆ ಬರುತ್ತದೆ.

ಹೊರಡುವ ಮುಂಚೆ ಒಂದು ಫೈಲ್ ಮಾಡಿ. ಕಾರ್ಡಿನ ಎರಡೂ ಬದಿಯ ಪ್ರತಿ, ಹಳೇ ಪಾಸ್‌ಪೋರ್ಟ್ ಇದ್ದರೆ ಅದೂ, ಇನ್‌ಕಮ್ ಟ್ಯಾಕ್ಸ್‌ನ ನೋಟಿಸ್ ಆಫ್ ಅಸೆಸ್‌ಮೆಂಟ್, ಸಂಬಳದ ಚೀಟಿ, ಬಾಡಿಗೆ ಕರಾರು. ಕೆನಡಾದಲ್ಲಿ ಇದ್ದದ್ದಕ್ಕೆ ಪುರಾವೆ ಕೇಳಿದಾಗ ಹಾಸನದಲ್ಲಿ ಕೂತು ಹುಡುಕೋಕೆ ಆಗಲ್ಲ, ಅಲ್ವಾ.

ಇನ್ನೊಂದು ಮಾತು. ನಾಲ್ಕು ವರ್ಷ ಇದ್ದೀರಿ ಅಂದರೆ ಸಿಟಿಜನ್‌ಶಿಪ್‌ಗೆ ಬೇಕಾದ 1,095 ದಿನ ಯಾವಾಗಲೋ ದಾಟಿದೆ. ಟ್ಯಾಕ್ಸ್ ಫೈಲಿಂಗ್ ಸರಿಯಾಗಿದ್ದರೆ ಸಿಟಿಜನ್‌ಶಿಪ್‌ಗೇ ಹಾಕಬಹುದು. ಅದಕ್ಕೆ ಚಾಲ್ತಿಯಲ್ಲಿರುವ ಕಾರ್ಡ್ ಬೇಕಿಲ್ಲ. ಭಾರತದ ಪಾಸ್‌ಪೋರ್ಟ್ ಬಿಡಬೇಕಾಗುತ್ತದೆ, ಅದು ನಿಮ್ಮ ಮನೆಯ ತೀರ್ಮಾನ.

ಪ್ರಶ್ನೆ, ಬ್ರಾಂಪ್ಟನ್‌ನಿಂದ: ಮೇಡಂ, ಇದೇ ವಿಷಯ, ಆದರೆ ನಮ್ಮದು ಸ್ವಲ್ಪ ಸಿಕ್ಕು. ಅಪ್ಪ ಅಮ್ಮನನ್ನು ನಾನೇ ಸ್ಪಾನ್ಸರ್ ಮಾಡಿದ್ದು. ಚಳಿ ತಡೆಯಲಾಗದೆ ವರ್ಷದಲ್ಲಿ ಮುಕ್ಕಾಲು ಪಾಲು ಮೈಸೂರಲ್ಲೇ ಇರುತ್ತಾರೆ. ಈಗ ಅಲ್ಲೇ ಇದ್ದಾರೆ, ಕಾರ್ಡ್ ಮುಗಿದಿದೆ. ಎರಡು ವರ್ಷ ತುಂಬಲ್ಲ. ಒಬ್ಬ ಏಜೆಂಟ್ "ಪಿಆರ್‌ಟಿಡಿ ಹಾಕಿಬಿಡಿ, ಬರೀ ಫಾರ್ಮಾಲಿಟಿ" ಅಂದ. ಹಾಕಲಾ?

ಉತ್ತರ: ದಯವಿಟ್ಟು ಹಾಗೆ ಹಾಕಬೇಡಿ. ಪಿಆರ್‌ಟಿಡಿ ಫಾರ್ಮಾಲಿಟಿ ಅಲ್ಲ. ಅದನ್ನು ಹಾಕಿದ ಕೂಡಲೇ ಅಧಿಕಾರಿ 730 ದಿನದ ಲೆಕ್ಕ ತೆಗೆಯುತ್ತಾರೆ. ದಿನ ಸಾಲದೆ, ಬೇರೆ ಬಲವಾದ ಕಾರಣವೂ ಒಪ್ಪಿಗೆಯಾಗದೆ ತಿರಸ್ಕಾರ ಆದರೆ 60 ದಿನದೊಳಗೆ ಅಪೀಲ್ ಹಾಕಬೇಕು. ಹಾಕದಿದ್ದರೆ ಪಿಆರ್ ಹೋಯಿತು. ಈಗ ಅವರ ಹತ್ತಿರ ಇಲ್ಲದಿರುವುದು ಕಾರ್ಡ್ ಮಾತ್ರ. ಆಮೇಲೆ ಪಿಆರ್ ಕೂಡ ಇರುವುದಿಲ್ಲ.

ಬರದೇ ಇರುವುದಕ್ಕೆ ಕಾಯಿಲೆ, ಆಪರೇಷನ್ ಅಂಥ ಕಾರಣ ಇತ್ತಾ? ಇದ್ದರೆ ಆಸ್ಪತ್ರೆ ಕಾಗದಗಳ ಸಮೇತ ಮಾನವೀಯ ನೆಲೆಯಲ್ಲಿ ಪರಿಗಣಿಸಿ ಅಂತ ಕೇಳಬಹುದು. ಬರೀ ಚಳಿ ಅಂದರೆ ಕೇಳುವವರಿಲ್ಲ. ಅವರಿಗೆ ಅಮೆರಿಕದ ವಿಸಿಟರ್ ವೀಸಾ ಇದೆಯಾ?

ಅದೇ ಬ್ರಾಂಪ್ಟನ್‌ನವರು: ಇದೆ ಮೇಡಂ, ಅಕ್ಕ ಡೆಟ್ರಾಯಿಟ್ ಹತ್ತಿರ ಇದ್ದಾಳೆ. ಹತ್ತು ವರ್ಷದ್ದು.

ಉತ್ತರ: ಹಾಗಾದರೆ ಒಂದು ದಾರಿ ಇದೆ. ಕಾರ್ಡ್ ಇಲ್ಲವೇ ಪಿಆರ್‌ಟಿಡಿ ಬೇಕೇ ಬೇಕು ಅನ್ನುವುದು ವಿಮಾನ, ಬಸ್ಸು, ರೈಲು, ಹಡಗಿಗೆ. ಸ್ವಂತ, ಬಾಡಿಗೆ ಅಥವಾ ಪರಿಚಯದವರ ಕಾರಿನಲ್ಲಿ ರಸ್ತೆ ಮೇಲೆ ಬಂದರೆ ಮುಗಿದ ಕಾರ್ಡ್ ಮತ್ತು ಪಾಸ್‌ಪೋರ್ಟ್ ತೋರಿಸಿ ಗಡಿಯಲ್ಲಿ ಪ್ರವೇಶ ಕೇಳಬಹುದು. ಅಕ್ಕನ ಮನೆಗೆ ಬಂದು, ನಾಲ್ಕು ದಿನ ಇದ್ದು, ಕಾರಿನಲ್ಲಿ ಗಡಿಯಾಚೆ ಕೆನಡಾದ ವಿಂಡ್ಸರ್‌ಗೆ ದಾಟಲಿ. ಇದು ಕಳ್ಳದಾರಿ ಅಲ್ಲ, ಪಿಆರ್ ಆಗಿರುವಷ್ಟು ಕಾಲ ಒಳಗೆ ಬರುವ ಹಕ್ಕು ಕಾನೂನಿನಲ್ಲೇ ಇದೆ.

ಆದರೆ ಅಧಿಕಾರಿ ಎಷ್ಟು ದಿನ ಹೊರಗಿದ್ದಿರಿ ಅಂತ ಕೇಳಿದರೆ ನಿಜ ಹೇಳಬೇಕು. ದಿನ ಕಡಿಮೆ ಅಂತ ರಿಪೋರ್ಟ್ ಬರೆಯಬಹುದು. ಬರೆದರೂ ಒಳಗೆ ಬಿಡುತ್ತಾರೆ, ಅಪೀಲನ್ನು ಇಲ್ಲಿದ್ದೇ ನಡೆಸಬಹುದು. ಬರೆಯದೇ ಬಿಟ್ಟರೆ ಎರಡು ವರ್ಷ ಇಲ್ಲೇ ಇದ್ದು 730 ತುಂಬಿಸಿ, ಆಮೇಲೆ ಕಾರ್ಡ್‌ಗೆ ಹಾಕಿ. ಅವಸರದಲ್ಲಿ ಬಂದ ಮಾರನೇ ವಾರವೇ ರಿನ್ಯೂವಲ್ ಹಾಕಿದರೆ ಅದೇ ಲೆಕ್ಕ ಮತ್ತೆ ತೆಗೆಯುತ್ತಾರೆ.

ಇಷ್ಟೆಲ್ಲಾ ಮಾಡುವ ಮುಂಚೆ ಅವರನ್ನೇ ಕೇಳಿ, ಎರಡು ವರ್ಷ ಇಲ್ಲಿ ಇರಲು ಮನಸ್ಸಿದೆಯಾ ಅಂತ. ಮಕ್ಕಳು ಕೇಳುವುದೇ ಇಲ್ಲ. ಮೈಸೂರೇ ಇರಲಿ ಅಂದರೆ ಪಿಆರ್ ತಾವಾಗಿ ಬಿಟ್ಟು ಸೂಪರ್ ವೀಸಾಗೆ, ಅಂದರೆ ಅಪ್ಪ ಅಮ್ಮಂದಿರಿಗೆ ಕೊಡುವ ದೀರ್ಘ ಅವಧಿಯ ವಿಸಿಟರ್ ವೀಸಾಗೆ, ಹಾಕಬಹುದು. ಒಂದು ಸಲ ಬಂದರೆ 5 ವರ್ಷದವರೆಗೆ ಇರಬಹುದು, ಹೋಗಿ ಬಂದೂ ಮಾಡಬಹುದು. ನಿಮ್ಮ ಆದಾಯ ನೋಡುತ್ತಾರೆ, ಕನಿಷ್ಠ 1,00,000 ಡಾಲರ್‌ನ ಆರೋಗ್ಯ ವಿಮೆ ಬೇಕು. ಈ ವಯಸ್ಸಿಗೆ ಆ ಪ್ರೀಮಿಯಂ ಹಗುರವಲ್ಲ, ಸರ್ಕಾರಿ ವೈದ್ಯಕೀಯ ಸೌಲಭ್ಯವೂ ಹೋಗುತ್ತದೆ. ಅದನ್ನೂ ತೂಗಿ ನೋಡಿ.

ಮಿಸ್ಸಿಸಾಗಾದವರು: ಕೊನೆಯದಾಗಿ ಮೇಡಂ, ಟಿಕೆಟ್ ಲಂಡನ್ ಮೇಲೆ ಕಡಿಮೆಗೆ ಸಿಗ್ತಿದೆ. ತಗೊಳ್ಳಲಾ?

ಉತ್ತರ: ಕಾರ್ಡ್ ಕೈಯಲ್ಲಿ ಇಲ್ಲದಿರುವಾಗ ಬೇಡ. ನಮ್ಮ ಪಾಸ್‌ಪೋರ್ಟ್‌ನವರಿಗೆ ಅಲ್ಲಿ ವಿಮಾನ ಬದಲಾಯಿಸಲು ಟ್ರಾನ್ಸಿಟ್ ವೀಸಾ ಬೇಕು. ನಿಮ್ಮಂಥವರಿಗೆ ಬಹಳ ಸಲ ವಿನಾಯಿತಿ ಸಿಗುವುದೇ ಚಾಲ್ತಿಯಲ್ಲಿರುವ ಪಿಆರ್ ಕಾರ್ಡಿನಿಂದ. ವಾಪಸ್ ಬರುವಾಗ ಅದು ಮುಗಿದಿರುತ್ತದೆ. ದೆಹಲಿಯಿಂದ ಟೊರಾಂಟೊಗೆ ನೇರ ವಿಮಾನ ನೋಡಿ, ಇಲ್ಲಾ ಗಲ್ಫ್ ಮೇಲೆ ಬನ್ನಿ. ವಾಪಸ್ ದಿನ ಬದಲಾಯಿಸಬಹುದಾದ ಟಿಕೆಟ್ಟೇ ತಗೊಳ್ಳಿ, ಪಿಆರ್‌ಟಿಡಿ ಯಾವ ದಿನ ಬರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ.