ಶೆಟ್ರ ಇಂಗ್ಲಿಷ್ ಮತ್ತು ಡಚ್ಚರ ಕೋಳಿ

ಮಂಗಳೂರಿನ ಕದ್ರಿ ಪಾರ್ಕಿನ ಹತ್ತಿರ ಸಂಜೆ ಚರುಮುರಿ ತಿನ್ನುವ ನಮ್ಮ ಗುಂಪಿಗೆ ಹೊಸ ಕೆಲಸ ಬಂದಿದೆ. ಶೆಟ್ರಿಗೆ ಇಂಗ್ಲಿಷ್ ಕಲಿಸುವುದು. ಅವರ ಇಂಗ್ಲಿಷ್ ಕೆಟ್ಟದ್ದೇನಲ್ಲ. ಮುಂಬೈಯಲ್ಲಿ ಹೋಟೆಲ್ ನಡೆಸಿದವರು, ಬಿಲ್ಲು, ಬಾಡಿಗೆ, ಲೈಸೆನ್ಸಿಗೆ ಬೇಕಾದಷ್ಟು ಬರುತ್ತದೆ. ಆದರೆ ಈಗ ಮಗಳನ್ನು ನೋಡಲು ನೆದರ್‌ಲ್ಯಾಂಡ್ಸಿಗೆ ಹೊರಟಿದ್ದಾರೆ. ಅವಳ ಬೀದಿಯಲ್ಲಿ ಹತ್ತೂರಿನ ಜನ ಇದ್ದಾರಂತೆ. "ಯಾರು ಯಾವ ದೇಶದವರು ಅಂತ ಸರಿಯಾಗಿ ಹೇಳ್ಲಿಕ್ಕೆ ಕಲೀರಿ ಪಪ್ಪ, ನನ್ನ ಮರ್ಯಾದೆ ತೆಗೀಬೇಡಿ" ಅಂತ ಫೋನಿನಲ್ಲಿ ಹೇಳಿದ್ದಾಳೆ.

ಕಲಿಸಲು ರಿಟೈರ್ಡ್ ಡಿಸೋಜ ಟೀಚರ್ ಇದ್ದಾರೆ. ಕೆಡಿಸಲು ನಾವೆಲ್ಲ ಇದ್ದೇವೆ.

"ನೆದರ್‌ಲ್ಯಾಂಡ್ಸಿನವರಿಗೆ ಎಂತ ಹೇಳುದು ಶೆಟ್ರೇ?"

"ನೆದರ್‌ಲ್ಯಾಂಡಿಯನ್."

"ಅಲ್ಲ. ಡಚ್."

"ಅದು ಬೇರೆ ಜನ ಅಲ್ವಾ ಟೀಚರ್?"

"ಅವರೇ. ದೇಶ ನೆದರ್‌ಲ್ಯಾಂಡ್ಸ್, ಜನ ಡಚ್, ಭಾಷೆಯೂ ಡಚ್."

"ಮತ್ತೆ ಹಾಲೆಂಡ್?"

"ಅಲ್ಲಿ 12 ಪ್ರಾಂತ್ಯ ಉಂಟು. ಅದರಲ್ಲಿ ಎರಡರ ಹೆಸರು ಮಾತ್ರ ಉತ್ತರ ಹಾಲೆಂಡ್, ದಕ್ಷಿಣ ಹಾಲೆಂಡ್. ಇಡೀ ದೇಶಕ್ಕೆ ಹಾಲೆಂಡ್ ಅಂತ ಹೇಳುದನ್ನು ಸರಕಾರವೇ 2020ರಲ್ಲಿ ಬಿಟ್ಟಿದೆ."

ಭಟ್ರಿಗೆ ಇದು ತಮಾಷೆಯಾಗಿ ಕಂಡಿತು. "ಮೂರು ಹೆಸರಿಗೆ ಹೆದರುದಾ ಶೆಟ್ರೇ? ನೀವು ಕುಡ್ಲದವರು. ಟೀಚರ್ ಮನೆಯಲ್ಲಿ ಇದೇ ಊರು ಕೊಡಿಯಾಲ್. ಬ್ಯಾರಿಗಳ ಮನೆಯಲ್ಲಿ ಮೈಕಾಲ. ಬಸ್ಸಿನ ಬೋರ್ಡಿನಲ್ಲಿ ಮಂಗಳೂರು. ಇಂಗ್ಲಿಷಿನಲ್ಲಿ ಮ್ಯಾಂಗಲೋರ್ ಅಂತ ಇದ್ದದ್ದನ್ನೂ 2014ರ ರಾಜ್ಯೋತ್ಸವದ ದಿನ ಬದಲಾಯಿಸಿದರು."

"ಹಾಗಾದ್ರೆ ನಾವು ಇನ್ನೂ ಮ್ಯಾಂಗಲೋರಿಯನ್ನಾ, ಈಗ ಮಂಗಳೂರಿಯನ್ನಾ?" ಅಂತ ಶೆಟ್ರು ಕೇಳಿದರು. ಟೀಚರ್ ಚರುಮುರಿ ಪೊಟ್ಟಣದೊಳಗೆ ಏನೋ ಕಳೆದುಹೋದವರ ಹಾಗೆ ಹುಡುಕತೊಡಗಿದರು.

ಮೊದಲು ನಿಯಮ ಹೇಳಿಕೊಡಬೇಕು ಅಂತ ಹೊರಟದ್ದೇ ಅವರು. ಕೆಲವಕ್ಕೆ ಕೊನೆಗೆ 'ಅನ್' ಬರುತ್ತದೆ: ಇಂಡಿಯನ್, ಕೆನ್ಯನ್. ಕೆಲವಕ್ಕೆ 'ಇಷ್': ಸ್ಪ್ಯಾನಿಷ್, ಟರ್ಕಿಷ್. ಕೆಲವಕ್ಕೆ 'ಈಸ್': ಚೈನೀಸ್, ಜಪಾನೀಸ್. ಯಾವುದಕ್ಕೆ ಯಾವುದು ಅಂದರೆ, ಬಾಯಿಪಾಠ. ಇದನ್ನು ನಿಯಮ ಅನ್ನುವುದು ಟೀಚರ ದೊಡ್ಡ ಮನಸ್ಸು.

ಬ್ಯಾರಿಗಳು ಮಾತ್ರ ಆರಾಮಾಗಿ ಕೂತಿದ್ದರು. ಅವರು ಜುಬೈಲಿನಲ್ಲಿ ದುಡಿದು ಬಂದವರು. (ಜುಬೈಲ್ ಇರುವುದು ಸೌದಿಯಲ್ಲಿ. ಆದರೂ ಊರಿನಲ್ಲಿ ಎಲ್ಲರೂ ಕೇಳಿದ್ದು "ದುಬೈಯಿಂದ ಯಾವಾಗ ಬಂದದ್ದು?" ಅಂತಲೇ. ಮಸ್ಕತ್ತಿನಲ್ಲಿರಲಿ, ದೋಹಾದಲ್ಲಿರಲಿ, ನಮಗೆ ಎಲ್ಲ ದುಬೈ.) "ನಮ್ಮ ಕಡೆ ತಲೆಬಿಸಿಯೇ ಇಲ್ಲ ಮಾರಾಯ್ರೆ. ಕೊನೆಗೆ ಒಂದು 'ಇ' ಹಾಕಿದ್ರೆ ಆಯ್ತು. ಕುವೈತಿ, ಒಮಾನಿ, ಖತಾರಿ, ಎಮಿರಾತಿ. ಸೌದಿಗೆ ಅದೂ ಬೇಡ, ಮೊದಲೇ ಉಂಟು."

ಭಟ್ರಿಗೆ ಇಷ್ಟು ಸಾಕಾಯಿತು. ಊರೂರಿಗೆ ಬಾಲ ಅಂಟಿಸಲು ಶುರು ಮಾಡಿದರು. ಬಂಟ್ವಾಳೀಸ್. ಕಾರ್ಕಳಿಯನ್. ಮೂಡುಬಿದಿರಿಷ್. ಪುತ್ತೂರಿಗೆ ಎಂತ ಮಾಡುವುದು ಅಂತ ತುಂಬ ಹೊತ್ತು ಚರ್ಚೆಯಾಯಿತು. ಅವರು ಮೂಲತಃ ಪುತ್ತೂರಿನವರು, 'ಪುತ್ತೂರೀಸ್' ಅವರಿಗೆ ಸ್ವಲ್ಪ ಕಾಯಿಲೆಯ ಹೆಸರಿನ ಹಾಗೆ ಕೇಳಿಸಿತು.

ಟೀಚರ್ ಮುಂದಿನ ಪಾಠಕ್ಕೆ ಹೋದರು. ಕೆಲವು ದೇಶದ ಜನಕ್ಕೆ ಬೇರೆಯೇ ಶಬ್ದ. ಸ್ವೀಡನ್ನಿನವನು ಸ್ವೀಡ್. ಪೋಲೆಂಡಿನವನು ಪೋಲ್.

"ಮೆಸ್ಕಾಂನವರದ್ದಾ?" ಅಂತ ಶೆಟ್ರು.

"ಫಿನ್‌ಲ್ಯಾಂಡಿನವನು ಫಿನ್."

"ಅದು ಮೀನಿಗೆ ಇರುದಲ್ವಾ?"

"ಡೆನ್ಮಾರ್ಕಿನವನು ಡೇನ್. ಅಲ್ಲಿಯದ್ದು ಯಾವುದಿದ್ದರೂ ಡೇನಿಷ್."

"ದಾನಿಶ್ ನನ್ನ ತಂಗಿಯ ಮಗ" ಅಂದರು ಬ್ಯಾರಿಗಳು. "ಉಳ್ಳಾಲದಲ್ಲೇ ಇದ್ದಾನೆ."

ನೈಜೀರಿಯಾದವನು ನೈಜೀರಿಯನ್, ಪಕ್ಕದ ನೈಜರ್ ದೇಶದವನು ನೈಜೀರಿಯೆನ್ ಅಂದಾಗ ಶೆಟ್ರು ಪುಸ್ತಕ ಮುಚ್ಚಿದರು. ಅಂಥವರು ಸಿಕ್ಕಿದರೆ ನಮಸ್ಕಾರ ಮಾತ್ರ ಮಾಡುತ್ತಾರಂತೆ.

ನಿಜವಾದ ಗಲಾಟೆ ಆದದ್ದು ಟರ್ಕಿಯಿಂದ. ಟರ್ಕಿ ಈಗ ವಿಶ್ವಸಂಸ್ಥೆಯಲ್ಲಿ ತುರ್ಕಿಯೆ. 2022ರಲ್ಲಿ ಅವರೇ ಕೇಳಿ ಬದಲಾಯಿಸಿಕೊಂಡದ್ದು. "ಇಂಗ್ಲಿಷಿನಲ್ಲಿ ಅದು ಕೋಳಿಯ ಹೆಸರೂ ಹೌದಲ್ಲ, ಬೇಜಾರಾಗ್ತದೆ ಪಾಪ" ಅಂದರು ಭಟ್ರು.

ಕೋಳಿ ಅಂದ ಕೂಡಲೇ ಶೆಟ್ರು ನೆಟ್ಟಗೆ ಕೂತರು. "ಆ ಟರ್ಕಿ ಕೋಳಿ ಟರ್ಕಿಯದ್ದೇ?"

"ಅಲ್ಲ, ಅಮೆರಿಕದ್ದು" ಅಂದರು ಟೀಚರ್. "ಇಂಗ್ಲಿಷಿನವರು ಟರ್ಕಿಯಿಂದ ಬಂದದ್ದು ಅಂದುಕೊಂಡರು. ಟರ್ಕಿಯವರು ಅದಕ್ಕೆ ಹೇಳುದು ಹಿಂದಿ ಅಂತ."

"ಹಿಂದಿಯಾ?"

"ಹಿಂದಿ ಅಂದ್ರೆ ಇಂಡಿಯಾದ್ದು ಅಂತ. ಫ್ರೆಂಚರೂ ಇಂಡಿಯಾದ ಕೋಳಿ ಅಂತಲೇ ಹೇಳುದು. ಪೋರ್ಚುಗೀಸರಿಗೆ ಅದು ಪೆರು. ಡಚ್ಚರು ಕಾಲ್ಕೂನ್ ಅಂತಾರೆ. ಅಂದ್ರೆ ಕಲ್ಲಿಕೋಟೆಯ ಕೋಳಿ."

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಚರುಮುರಿಯವನು ಕೂಡ ಈರುಳ್ಳಿ, ತುರಿದ ಕ್ಯಾರೆಟಿನ ಮೇಲೆ ತೆಂಗಿನೆಣ್ಣೆ ಹೊಯ್ಯುವುದನ್ನು ನಿಲ್ಲಿಸಿ ಈ ಕಡೆ ನೋಡಿದ.

"ನಮ್ಮ ಕಲ್ಲಿಕೋಟೆಯಾ? ರೈಲಿನಲ್ಲಿ ಕೂತು ಒಂದು ನಿದ್ದೆ ಮಾಡಿದ್ರೆ ಬರುವ ಕಲ್ಲಿಕೋಟೆ?"

"ಅದೇ."

"ಅಲ್ಲಿ ನಾನು ಆ ಕೋಳಿ ನೋಡಿಯೇ ಇಲ್ಲ" ಅಂದರು ಬ್ಯಾರಿಗಳು, ಯಾರೋ ಅವರ ಮೇಲೆ ಆರೋಪ ಹೊರಿಸಿದ ಹಾಗೆ.

ನಗಲಿಕ್ಕೆ ನಮಗೂ ಹಕ್ಕಿಲ್ಲ ಬಿಡಿ. ನಮ್ಮ ಕಡೆ ಸಿಹಿಗುಂಬಳಕ್ಕೆ ಚೀನಿಕಾಯಿ ಅನ್ನುತ್ತಾರೆ. ಅದರ ಮೂಲವೂ ಅಮೆರಿಕವೇ. ಇನ್ನು ಎಲ್ಲಿಂದ ಬಂತು ಅಂತ ಗೊತ್ತಿಲ್ಲದ್ದಕ್ಕೆಲ್ಲ 'ಸೀಮೆ' ಸೇರಿಸಿ ಕೈತೊಳೆದುಕೊಂಡಿದ್ದೇವೆ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ.

ಕೊನೆಗೆ ಟೀಚರ್ ಪರೀಕ್ಷೆ ಇಟ್ಟರು. "ನಾನು ನಿಮ್ಮ ಮಗಳ ಪಕ್ಕದ ಮನೆಯವಳು. ವೇರ್ ಆರ್ ಯೂ ಫ್ರಂ?"

ಶೆಟ್ರು ಗಂಟಲು ಸರಿಮಾಡಿಕೊಂಡರು. "ಮೈ ನೇಟಿವ್..."

"ನೇಟಿವ್ ಬೇಡ. ಅದು ನಮ್ಮ ಇಂಡಿಯಾದ ಇಂಗ್ಲಿಷ್. ಅವರಿಗೆ ಅರ್ಥ ಆಗ್ಲಿಕ್ಕಿಲ್ಲ. ಐ ಆಮ್ ಫ್ರಂ ಅಂತ ಶುರು ಮಾಡಿ."

"ಫ್ರಂ ಅಂದ್ರೆ ಯಾವ ಊರು ಹೇಳುದು? ಹುಟ್ಟಿದ್ದು ಕಾರ್ಕಳ, ಅಪ್ಪನ ಮನೆಯಲ್ಲಿ. ಆದರೆ ಅದು ನಮ್ಮದು ಅಂತ ಆಗುದಿಲ್ಲ, ನಮಗೆ ಅಳಿಯಸಂತಾನ ಅಲ್ವಾ? ಅಮ್ಮನ ಕಡೆಯ ಗುತ್ತಿನ ಮನೆ ಉಡುಪಿ ಹತ್ತಿರ. ಬರಿ, ಅಂದ್ರೆ ಕುಲದ ಹೆಸರು, ಅದು ಕೂಡ ಅಮ್ಮನದ್ದೇ. ದುಡಿದದ್ದು ಮುಂಬೈ. ಈಗ ಇರುದು ಬಿಜೈ."

"ಶೆಟ್ರೇ, ಅವಳು ಕಂಪೌಂಡಿನ ಆಚೆಯಿಂದ ಸುಮ್ನೆ ಕೇಳಿದ್ದು. ಅವಳಿಗೆ ಕೆಲಸ ಇಲ್ವಾ? ಐ ಆಮ್ ಫ್ರಂ ಇಂಡಿಯಾ ಅಂತ ಹೇಳಿ ಮುಗಿಸಿ."

"ಇಂಡಿಯಾದಲ್ಲಿ ಎಲ್ಲಿ ಅಂತ ಕೇಳಿದ್ರೆ?"

"ಮಂಗಳೂರು."

"ಅದೆಲ್ಲಿ ಅಂತ ಕೇಳಿದ್ರೆ?"

"ಗೋವಾದಿಂದ ಕೆಳಗೆ ಅನ್ನಿ. ಗೋವಾ ಎಲ್ಲರಿಗೂ ಗೊತ್ತಿರ್ತದೆ."

"ಗೋವಾದಿಂದ ಕೆಳಗಾ?" ಶೆಟ್ರಿಗೆ ಸಿಟ್ಟೇ ಬಂತು. "ನಾವು ಯಾರಿಗೆ ಕೆಳಗೆ?"

"ನಮ್ಮ ಅಜ್ಜಂದಿರು ಬಂದದ್ದೇ ಅಲ್ಲಿಂದ. ನನಗೇನೂ ಬೇಜಾರಿಲ್ಲ" ಅಂದರು ಟೀಚರ್.

ಭಟ್ರು ಪೊಟ್ಟಣದ ಕೊನೆಯ ಕಡಲೆಯನ್ನು ಬಾಯಿಗೆ ಹಾಕಿಕೊಂಡರು. "ಕಲ್ಲಿಕೋಟೆಯಿಂದ ಮೇಲೆ ಅಂತ ಹೇಳಿ ಶೆಟ್ರೇ. ಡಚ್ಚರಿಗೆ ಕೋಳಿಯಾದರೂ ಗೊತ್ತಿರ್ತದೆ."

ಶೆಟ್ರು ಪುಸ್ತಕ ಮತ್ತೆ ತೆರೆದು ಅದನ್ನೇ ಬರೆದುಕೊಂಡರು.