ಎಲ್‌ಎಲ್-37 ಅಳೀತಿದೀನಿ, ಸೀರಂಗೂ ಪ್ಲಾಸ್ಮಾಗೂ ಯಾಕಿಷ್ಟು ವ್ಯತ್ಯಾಸ?

ಕಾಫಿಹೂ, ಮಡಿಕೇರಿ:
ನಮಸ್ಕಾರ ಎಲ್ರಿಗೂ. ಎಂಎಸ್‌ಸಿ ಪ್ರಾಜೆಕ್ಟಿಗೆ ರಕ್ತದಲ್ಲಿರೋ, ರೋಗಾಣು ಕೊಲ್ಲೋ ಪ್ರೋಟೀನ್‌ಗಳನ್ನ ಎಲೈಸಾ (ಪ್ರೋಟೀನ್ ಅಳೆಯೋ ಪರೀಕ್ಷೆ) ಕಿಟ್ಟಲ್ಲಿ ಅಳೀತಿದೀನಿ, ಎಲ್‌ಎಲ್-37 ಮತ್ತೆ ಲ್ಯಾಕ್ಟೋಫೆರಿನ್. ನಮ್ಮಲ್ಲಿ ಮಳೆಗಾಲ ಪೂರ್ತಿ ಬಿಸಿಲೇ ಕಾಣಲ್ವಲ್ಲ, ವಿಟಮಿನ್ ಡಿ ಇಳಿದಾಗ ಇವೂ ಇಳೀತವಾ ಅಂತ ನೋಡ್ಬೇಕು. ಬೆಳಗ್ಗೆ ಇಲ್ಲಿ ರಕ್ತ ತಗೊಂಡು ಬಸ್ಸಲ್ಲಿ ಮೈಸೂರಿಗೆ ಹೋಗಿ ಸೆಂಟ್ರಿಫ್ಯೂಜಲ್ಲಿ ತಿರುಗ್ಸಿ ರಕ್ತಕಣ ಬೇರೆ ಮಾಡ್ತೀನಿ, ಮಳೆ ಜೋರಿದ್ರೆ ನಾಕು ಗಂಟೆ ಹಿಡಿಯತ್ತೆ. ಒಬ್ರದ್ದೇ ರಕ್ತ, ಕೆಂಪು ಮುಚ್ಚಳದ ಟ್ಯೂಬಿನ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ದ್ರವ) ಬಂದಿರೋದ್ರ ಅರ್ಧಾನೂ ನೇರಳೆ ಮುಚ್ಚಳದ ಇಡಿಟಿಎ ಪ್ಲಾಸ್ಮಾದಲ್ಲಿಲ್ಲ (ಇಡಿಟಿಎ ಹಾಕಿ ಹೆಪ್ಪುಗಟ್ಟದ ಹಾಗೆ ಮಾಡಿದ ರಕ್ತದ ದ್ರವ). ಯಾವ್ದನ್ನ ನಂಬ್ಲಿ?

ಬ್ರಹ್ಮಗಿರಿ:
ಇಡಿಟಿಎ ಪ್ಲಾಸ್ಮಾನೇ ತಗೊಳ್ಳಿ. ಈ ಪ್ರೋಟೀನ್‌ಗಳು ಹೆಚ್ಚಾಗಿರೋದು ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣದ ಒಳಗಿನ ಗ್ರಾನ್ಯೂಲ್‌ಗಳಲ್ಲಿ (ಪುಟ್ಟ ಚೀಲಗಳಲ್ಲಿ), ರಕ್ತ ಹೆಪ್ಪುಗಟ್ಟೋವಾಗ ಆ ಬಿಳಿ ಕಣಗಳು ಕೆರಳಿ ಒಳಗಿರೋದನ್ನ ಹೊರಗೆ ಚೆಲ್ತವೆ, ಹಾಗಾಗಿ ಸೀರಂನಲ್ಲಿ ನೀವು ನೋಡ್ತಿರೋದ್ರಲ್ಲಿ ಎಷ್ಟೋ ಪಾಲು ಟ್ಯೂಬಲ್ಲೇ ಹುಟ್ಟಿದ್ದು, ಆ ಮನುಷ್ಯನ ಮೈಯಲ್ಲಿ ಹರೀತಿದ್ದದ್ದಲ್ಲ. ಪ್ಲಾಸ್ಮಾ ಟ್ಯೂಬೂ ಮೈಸೂರು ದಾರೀಲಿ ಸುಂಟಿಕೊಪ್ಪದ ತಿರುವುಗಳಲ್ಲಿ ಅಷ್ಟು ಹೊತ್ತು ಕುಲುಕಾಡಿದ್ರೆ ಅದರಲ್ಲೂ ಕಣಗಳಿಂದ ಪ್ರೋಟೀನ್ ಸೋರಿರತ್ತೆ. ದಯವಿಟ್ಟು ಮಡಿಕೇರೀಲೇ ಒಂದು ಗಂಟೆಯೊಳಗೆ ತಿರುಗ್ಸಿ. ಮೇಲಿನ ಹಳದಿ ಭಾಗ ತೆಗೀವಾಗ ಕೆಂಪಿನ ಮೇಲೆ ಹಾಲಿನ ಕೆನೆ ತರ ತೆಳ್ಳಗೆ ಬಿಳಿ ಪದರ ಇರತ್ತಲ್ಲ, ಪಿಪೆಟ್ ತುದಿ ಅದಕ್ಕೆ ತಾಗ್ಲೇಬಾರ್ದು, ನ್ಯೂಟ್ರೋಫಿಲ್ ಎಲ್ಲಾ ಅಲ್ಲೇ ಕೂತಿರ್ತವೆ. ಗುಲಾಬಿ ಬಣ್ಣ ಬಂದ ಪ್ಲಾಸ್ಮಾ ಬಿಟ್ಬಿಡಿ. ಹೆಪ್ಪು ತಡೆಯೋಕೆ ಹೆಪಾರಿನ್ ಹಾಕಿರೋ ಟ್ಯೂಬ್ ಬೇಡ, ಎಲ್‌ಎಲ್-37 ಪಾಸಿಟಿವ್ ಚಾರ್ಜಿಂದು, ನೆಗೆಟಿವ್ ಚಾರ್ಜಿನ ಹೆಪಾರಿನ್‌ಗೆ ಅಂಟ್ಕೊಳತ್ತೆ.

ಏಲಕ್ಕಿಕಾಡು, ವಿರಾಜಪೇಟೆ:
ಅವ್ರು ಹೇಳಿದ್ದು ಸರಿ, ಆದ್ರೆ ವಿಟಮಿನ್ ಡಿ ವಿಷಯಕ್ಕೆ ಬರೀ ಪ್ಲಾಸ್ಮಾ ನೋಡಿದ್ರೆ ಸಾಲದು ಅಂತ ನನಗೆ ಅನ್ಸತ್ತೆ. ನ್ಯೂಟ್ರೋಫಿಲ್ ಎಲ್‌ಎಲ್-37ರ ಮೂಲ ರೂಪ ಎಚ್‌ಕ್ಯಾಪ್18 ಅನ್ನ ಮೂಳೆ ಮಜ್ಜೆಯಲ್ಲೇ ತಯಾರು ಮಾಡಿ ತುಂಬ್ಕೊಂಡು ಬಂದಿರತ್ತೆ, ಹೊರಗೆ ಚೆಲ್ಲಿದ ಮೇಲೆ ಪ್ರೋಟೀನೇಸ್ 3 ಅನ್ನೋ ಕಿಣ್ವ ಅದನ್ನ ಕತ್ತರಿಸಿದಾಗ 37 ಅಮೈನೋ ಆಮ್ಲದ ಎಲ್‌ಎಲ್-37 ಆಗತ್ತೆ. ವಿಟಮಿನ್ ಡಿ ಈ ಪ್ರೋಟೀನಿನ ಜೀನ್ ಎಬ್ಬಿಸೋದನ್ನ 2006ರ ಒಂದು ಅಧ್ಯಯನ ತೋರ್ಸಿದ್ದು ಮಾನೋಸೈಟ್, ಮ್ಯಾಕ್ರೋಫೇಜ್ ಅನ್ನೋ ಬೇರೆ ಬಗೆಯ ಬಿಳಿ ಕಣಗಳಲ್ಲಿ. ಹಾಗಾಗಿ ಫೈಕೋಲ್ (ಕಣಗಳನ್ನ ಪದರ ಪದರವಾಗಿ ಬಿಡಿಸೋ ದ್ರಾವಣ) ಹಾಕಿ ನಡುವಿನ ಪದರದಿಂದ ಮಾನೋಸೈಟ್ ಬೇರ್ಪಡಿಸಿ ಆರ್‌ಎನ್‌ಎ ನೋಡಿ. ಫೈಕೋಲ್ ಹಾಕಿದಾಗ ನ್ಯೂಟ್ರೋಫಿಲ್ ಕೆಂಪು ಕಣಗಳ ಜೊತೆ ತಳಕ್ಕಿಳಿದಿರತ್ತೆ, ಅದನ್ನ ಅಳೀಬೇಕಂದ್ರೆ ಅವತ್ತೇ ಅಳೀಬೇಕು, ಫ್ರೀಜ್ ಮಾಡಿ ನಾಳೆಗಿಟ್ರೆ ಕಣ ಉಳಿಯಲ್ಲ. ಲೆಕ್ಕ ಹತ್ತು ಲಕ್ಷ ಕಣಕ್ಕಿಷ್ಟು ಅಂತ ಕೊಡಿ. ಪ್ರತಿಯೊಬ್ರದ್ದೂ ಬ್ಲಡ್ ಕೌಂಟ್ ಮಾಡ್ಸೋದು ಮರೀಬೇಡಿ, ಯಾರಿಗಾದ್ರೂ ಗಂಟಲು ನೋವು ಬಂದು ನ್ಯೂಟ್ರೋಫಿಲ್ ಏರಿದ್ರೆ ನೀವು ಅದನ್ನೇ ವಿಟಮಿನ್ ಡಿ ಅಂದ್ಕೊಂಡ್ಬಿಡ್ತೀರ.

ಕಾಫಿಹೂ:
ತುಂಬಾ ಥ್ಯಾಂಕ್ಸ್ ಇಬ್ರಿಗೂ, ಬ್ಲಡ್ ಕೌಂಟ್ ನನಗೆ ಹೊಳ್ದೇ ಇರ್ಲಿಲ್ಲ. ಇಲ್ಲೇ ತಿರುಗ್ಸೋಕೆ ಒಂದು ಲ್ಯಾಬಲ್ಲಿ ಒಪ್ಪಿದಾರೆ, ಆದ್ರೆ ಮಳೇಲಿ ಕರೆಂಟ್ ಮಧ್ಯದಲ್ಲೇ ಹೋದ್ರೆ?

ಬ್ರಹ್ಮಗಿರಿ:
ಟ್ಯೂಬ್ ಅಲುಗಾಡಿಸದೆ ಕಾಯಿರಿ, ಬಂದ್ಮೇಲೆ ಮೊದಲಿಂದ ತಿರುಗ್ಸಿ. ಎಷ್ಟು ನಿಮಿಷ ಕಾದಿತ್ತು ಅನ್ನೋದನ್ನ ಆ ಸ್ಯಾಂಪಲ್ ನಂಬರ್ ಪಕ್ಕದಲ್ಲೇ ಬರ್ದಿಡಿ, ಒಂದು ಗಂಟೆ ದಾಟಿದ್ರೆ ಇನ್ನೊಂದಿನ ಹೊಸದಾಗಿ ರಕ್ತ ತಗೊಳ್ಳಿ.